ನಿಂಬೆಹಣ್ಣು ನಿಂತ ಜಾಗ

ಇಪ್ಪತ್ತೆರಡು ವರ್ಷ ಈ ವ್ಯಾನಿನಲ್ಲಿ ಬ್ರೆಡ್ಡು ಸಾಗಿಸಿದೆ,
ಈಗ ನಮ್ಮಿಬ್ಬರನ್ನು.
ಅರಸೀಕೆರೆಯ ಬೇಕರಿ ಮುಚ್ಚಿದ ದಿನ
ಬಾಕಿ ಸಂಬಳದ ಬದಲು ಯಜಮಾನರು ಕೊಟ್ಟದ್ದು ಇದರ ಕೀಲಿಕೈ.
ಬಿಸಿಲೇರಿದರೆ ತಗಡು ಇವತ್ತಿಗೂ ಬನ್ನಿನ ವಾಸನೆ ಬಿಡುತ್ತದೆ.
ಟ್ರೇಗಳಿದ್ದ ಕಡೆ ಹಾಸಿಗೆ, ಉಳಿದ ಟ್ರೇಗಳಲ್ಲಿ ಅಕ್ಕಿ, ಸೀರೆ,
ಜಯಶೀಲಳ ಬಿ.ಪಿ. ಮಾತ್ರೆ, ನನ್ನ ಸ್ಪ್ಯಾನರು.

ಕೊಡಗಿಗೆ ಬಂದು ಐದು ದಿನ. ಮಟ್ಟಸ ನೆಲವೇ ಇಲ್ಲ ಇಲ್ಲಿ.
ಎಲ್ಲಿ ನಿಲ್ಲಿಸಿದರೂ ಜಯಶೀಲ ನಿಂಬೆಹಣ್ಣು ತೆಗೆದು
ಒಲೆಯ ಪಕ್ಕ ನೆಲಕ್ಕಿಡುತ್ತಾಳೆ.
ಅದು ಉರುಳುತ್ತದೆ.
ಬಾಗಿಲ ಕಡೆಗಾದರೆ ಎಡಗಾಲಿಗೆ ಕಲ್ಲು,
ಹಿಂದಕ್ಕಾದರೆ ಹಲಗೆ.
ಸುಂಟಿಕೊಪ್ಪದಲ್ಲಿ ತಲೆ ಕೆಳಗಾಗಿ ಮಲಗಿ
ಬೆಳಗ್ಗೆ ಮುಖ ಊದಿ ಇಬ್ಬರೂ ಬೇರೆ ಯಾರೋ ಆಗಿದ್ದೆವು.
ಮಡಿಕೇರಿಯಲ್ಲಿ ಸಾರು ಪಾತ್ರೆಯ ಒಂದೇ ಬದಿಗೆ ಕುದಿಯಿತು.

ರಿಪೇರಿಗೆ ರಜೆಯಿಲ್ಲ.
ಸಿಂಕಿನ ಕಾಲುಪಂಪು ಉಸಿರು ಬಿಟ್ಟಾಗ
ನನ್ನ ಹವಾಯಿ ಚಪ್ಪಲಿಯ ಹಿಮ್ಮಡಿಯಲ್ಲಿ ವಾಷರು ಕತ್ತರಿಸಿದೆ;
ಅಂದಿನಿಂದ ನನ್ನ ನಡಿಗೆಯೂ ಇಳಿಜಾರು.
ಜಾರುಬಾಗಿಲ ರೋಲರು ಪುಡಿಯಾಯಿತು.
ಸಿದ್ದಾಪುರದ ಮೊಯ್ದು ಚೂರುಗಳನ್ನು ಅಂಗೈಯಲ್ಲಿಟ್ಟು
ಸತ್ತ ಜೀರುಂಡೆ ನೋಡುವಂತೆ ನೋಡಿ
"ಮೈಸೂರಿಂದ ಬಸ್ಸಲ್ಲಿ ತರಿಸ್ತೇನೆ ಅಣ್ಣ, ಎರಡು ದಿನ" ಎಂದ.
ಅಲ್ಲಿಯ ತನಕ ಬಾಗಿಲಿಗೆ ಲಂಗದ ಲಾಡಿ.
ಚಾವಣಿಯ ಗಾಳಿಕಿಂಡಿಯ ರಬ್ಬರು ಬಿರಿದಿತ್ತು,
ಮೇಲೊಂದು ನೀಲಿ ಟಾರ್ಪಾಲು ಬಿಗಿದು ಸದ್ಯಕ್ಕೆ ಸಾಕು ಅಂದೆ.
ನಮ್ಮ ವ್ಯಾನಿನಲ್ಲಿ ಎಲ್ಲವೂ ಸದ್ಯಕ್ಕೆ.

ಪಾಲಿಬೆಟ್ಟದ ಹತ್ತಿರ ಒಂದು ತೋಟದ ಗೇಟಿನಲ್ಲಿ ಜಾಗ ಕೇಳಿದೆವು.
ರೈಟರ್ ಕುಶಾಲಪ್ಪ ವ್ಯಾನಿಗೊಂದು ಸುತ್ತು ಬಂದು
ಬಣ್ಣದಡಿ ಇಣುಕುವ "ತಾಜಾ ರಸ್ಕು" ಓದಿ ನಕ್ಕು
ಕಾಫಿ ಕಣದ ಮೂಲೆ ತೋರಿಸಿದರು.
"ಒಂದೇ ಷರತ್ತು. ರಾತ್ರಿ ಮಳೆ ಬಂತೋ, ನೀವೂ ಏಳಬೇಕು."

ಸಿಮೆಂಟಿನ ಕಣ. ಜಯಶೀಲ ಹಣ್ಣಿಟ್ಟಳು.
ಅದು ನಿಂತಿತು.
ಸ್ವಲ್ಪ ಹೊತ್ತು ಇಬ್ಬರೂ ಅದನ್ನೇ ನೋಡುತ್ತ ಕೂತೆವು,
ಟಿ.ವಿ. ನೋಡುವ ಹಾಗೆ.

ಎರಡು ಗಂಟೆಗೆ ತಗಡಿನ ಮೇಲೆ ಒಂದು ಹನಿ. ಆಮೇಲೆ ನಾಲ್ಕು.
ಲೈನುಮನೆಗಳಿಂದ ಟಾರ್ಚುಗಳು ಓಡಿಬಂದವು.
ಲಾಡಿಯ ಗಂಟಿನೊಡನೆ ನಾನು ಗುದ್ದಾಡುತ್ತಿದ್ದಾಗ
ಡ್ರೈವರ್ ಬಾಗಿಲಿನಿಂದ ಇಳಿದ ಜಯಶೀಲ
ಸೀರೆ ಎತ್ತಿಕಟ್ಟಿ ಆಗಲೇ ಕಣದ ನಡುವೆ.
ಪಾಲಿ ಎಂಬಾಕೆ ನನ್ನ ಕೈಗೆ ಹಲಗೆ ತುರುಕಿ
"ದೂಡಿ, ನಿಂತು ನೋಡಬೇಡಿ" ಎಂದಳು.
ದೂಡಿದೆ. ಒಣಗಿದ ರೋಬಸ್ಟಾ ಕತ್ತಲಲ್ಲಿ
ಗಜ್ಜುಗದ ಹಾಗೆ ಗಲಗಲ ಅಂದಿತು.
ಏಳು ಗುಡ್ಡೆ, ಆರು ಟಾರ್ಪಾಲು.
ಎಲ್ಲ ಟಾರ್ಚುಗಳೂ ಒಂದೊಂದಾಗಿ
ನನ್ನ ವ್ಯಾನಿನ ನೆತ್ತಿಯ ಕಡೆ ತಿರುಗಿದವು.

ಬಿಚ್ಚಿಕೊಟ್ಟೆ. ಇನ್ನೇನು ಮಾಡಲಿ?

ಬೆಳಗಿನ ತನಕ ಕಿಂಡಿಯಡಿ ಪಾತ್ರೆಯಿಟ್ಟು ಕೂತೆವು,
ಪಾತ್ರೆ ತುಂಬಿದರೆ ಕುಕ್ಕರು, ಕುಕ್ಕರು ತುಂಬಿದರೆ ಬ್ರೆಡ್ಡಿನ ಟ್ರೇ.
ಹಾಸಿಗೆ ಹೋಯಿತು. ಜಯಶೀಲ ಬೈಯಲಿಲ್ಲ,
ಮೂವತ್ತು ವರ್ಷದಲ್ಲಿ ನಾನು ಇದಕ್ಕಿಂತ ಹೆದರಿದ್ದಿಲ್ಲ.

ಬಿಸಿಲು ಬಂದಾಗ ಕಣದಲ್ಲಿ ಕಾಫಿ ಹರವಿದರು,
ಅದರ ಪಕ್ಕ ನಮ್ಮ ಹಾಸಿಗೆಯನ್ನೂ.
"ಕಣಕ್ಕೆ ಕೆಟ್ಟದ್ದು, ಗಿಡಕ್ಕೆ ಬಂಗಾರ" ಎಂದರು ಕುಶಾಲಪ್ಪ,
"ಎಂಟು ದಿನ ತಡೀರಿ, ತೋಟ ಪೂರ್ತಿ ಬೆಳ್ಳಗಾಗ್ತದೆ."
ಪಾಲಿ ಹಳೇ ಸೈಕಲ್ ಟ್ಯೂಬು ತಂದಳು.
ಮೇಲೆ ಹತ್ತಿ ಅಂಟಿಸುತ್ತಿದ್ದೆ. ಬೈಕಿನಲ್ಲಿ ಮೊಯ್ದು ಬಂದ,
ಪೊಟ್ಟಣದಲ್ಲಿ ರೋಲರು. ಬಾಗಿಲು ಬೆಣ್ಣೆಯಂತೆ ಸರಿಯಿತು.
"ಇವತ್ತೇ ಹೊರಡಬಹುದು" ಎಂದ.

ಜಯಶೀಲ ಮಾತಾಡಲಿಲ್ಲ.
ಒಲೆಯ ಪಕ್ಕ ನಿಂತೇ ಇದ್ದ ನಿಂಬೆಹಣ್ಣನ್ನು ಎತ್ತಿ
ನಡುವೆ ಕೊಯ್ದು ಕರಿ ಚಹಾಕ್ಕೆ ಹಿಂಡಿ
ಮೊದಲ ಲೋಟ ಮೊಯ್ದುವಿಗೆ, ಎರಡನೆಯದು ಪಾಲಿಗೆ,
ಮೂರನೆಯದನ್ನು ಏಣಿಯ ಮೇಲಿದ್ದ ನನಗೆ ಚಾಚಿದಳು.
ಹುಳಿ ಜಾಸ್ತಿಯಾಗಿತ್ತು. ಕುಡಿದೆ.