ಜುಲಿಯಾನಾ, ಆವೃತ್ತಿ ಸೊನ್ನೆ ಸೊನ್ನೆ

ಬೈತಖೋಲದ ದಕ್ಕೆಯಲ್ಲಿ ದತ್ತಾರಾಮ ಗುನಗಿ
ದೋಣಿಯ ಮೂತಿಗೆ ಬಣ್ಣ ಬಳಿಯುತ್ತಿದ್ದಾನೆ.
ಗೋವೆಯವರಿಂದ ಕೊಂಡದ್ದು, ಹಳೆಯ ಹೆಸರು ಜುಲಿಯಾನಾ.
ನನ್ನ ತಮ್ಮ ಉಲ್ಲಾಸ ಇಟ್ಟದ್ದು ಸಾಯಿಪ್ರಸನ್ನ.
ಮೂರು ಕೋಟು ನೀಲಿ ಬಿದ್ದರೂ
ಬಿಸಿಲು ಓರೆಯಾದಾಗ
'ಜು'ವಿನ ಕೊಂಬು ಒಳಗಿನಿಂದ ಇಣುಕುತ್ತದೆ.

"ಇರಲಿ ಬಿಡಕ್ಕ," ಬ್ರಶ್ಶು ಸೀಮೆಎಣ್ಣೆಗೆ ಅದ್ದಿ ಅಂದ,
"ವಾಯರ್‌ಲೆಸ್ಸಿನಲ್ಲಿ ಎಲ್ಲರೂ ಕೂಗೋದು ಜುಲಿಯಾನಾ ಅಂತಲೇ."

ನಗು ಬಂತು.
ಇಪ್ಪತ್ತಾರು ವರ್ಷ ಮುಂಬಯಿಯ ಬ್ಯಾಂಕೊಂದರ ನೆಲಮಾಳಿಗೆಯಲ್ಲಿ
ರಾತ್ರಿಪಾಳಿ ಮಾಡಿದವಳು ನಾನು.
ಅಲ್ಲಿಯ ದೊಡ್ಡ ಯಂತ್ರ ಉಗುಳುತ್ತಿದ್ದ ಸಾಲುಗಳ ತಲೆಯ ಮೇಲೆ
ಒಂದು ಡಾಲರ್ ಗುರುತು, ಪಕ್ಕದಲ್ಲಿ ಹಾಸ್ಪ್.
ಹಾಸ್ಪ್ ಅಂದರೇನು, ಕೇಳಿದೆ ಮೊದಲ ವಾರ.
ಪಾಳಿಯ ಹಿರಿಯ ಕೊಲಾಸೊ ಚಹಾ ಊದುತ್ತ ಹೇಳಿದ:
ಅದರ 'ಹಾ' ಹ್ಯೂಸ್ಟನ್ನಿನದು.
ಚಂದ್ರನಿಗೆ ಹೋಗುವವರ ಲೆಕ್ಕ ನಡೆಯುತ್ತಿದ್ದ ಊರು.
ಸರದಿ ಕಾದು ಬೇಸತ್ತ ನಾಲ್ಕು ಜನ ಬರೆದದ್ದು.
ಕಂಪನಿ ಬೇರೆ ಹೆಸರಿಟ್ಟು ಎಷ್ಟೋ ಕಾಲವಾಯಿತು,
ಯಂತ್ರದ ಬಾಯಿಗೆ ಹಳೆಯದೇ ರೂಢಿ.

ನಮ್ಮ ಊರಿನದೂ ಅದೇ ಕತೆ ಅಂತಾರೆ.
ಕಾಳಿಯ ಒಳಮಗ್ಗುಲಿನ ಕಡವಾಡ
ಪರದೇಶದವರ ನಾಲಿಗೆಯಲ್ಲಿ ಹೊರಳಿ ಹೊರಳಿ
ಕಾರವಾರವಾಗಿ ಕಡಲಿಗೆ ಇಳಿಯಿತಂತೆ.
ಕಡವಾಡ ಮಾತ್ರ ಇದ್ದಲ್ಲೇ ಇದೆ,
ತನ್ನ ಹೆಸರು ಯಾರು ಒಯ್ದರೆಂದು ವಿಚಾರಿಸದೆ.

ನಾನು ಮಂದಾಕಿನಿ. ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ.
ಆ ಯಂತ್ರದಲ್ಲಿ ಕಡತಕ್ಕೆ ಎಂಟು, ಮನುಷ್ಯರಿಗೆ ಏಳು.
ನಮಗೇಕೆ ಒಂದು ಕಡಿಮೆ?
ನಾವು ಒಪ್ಪಿಸುವ ಕೆಲಸಕ್ಕೂ ನಮ್ಮದೇ ಹೆಸರು,
ಅದರ ಬಾಲಕ್ಕೊಂದು ಅಕ್ಷರ ಬೇಕು,
ಅದಕ್ಕೆ ಕೊನೆಯ ಕುರ್ಚಿ ಕಾದಿರಿಸಿದ್ದು.
ಹೀಗೆ ಒಳಗೆ ಹೋದವಳು ಮಂದಾಕಿ.
'ನಿ' ಬಾಗಿಲ ಹೊರಗೆ ಚಪ್ಪಲಿಯ ಹಾಗೆ ಉಳಿಯಿತು.
ಬೆಳಿಗ್ಗೆ ಆರಕ್ಕೆ ಮೆಟ್ಟಿಕೊಂಡು ಮನೆಗೆ ಬರುತ್ತಿದ್ದೆ.
ಯಾವತ್ತೋ ಒಂದು ದಿನ ಮರೆತೆ.

ದಿನದ ಖಾತೆ ಮುಚ್ಚಿದಾಗ ಹುಟ್ಟುವ ಕಡತಕ್ಕೆ
ಪೀಳಿಗೆಯ ಸಂಖ್ಯೆ: ಒಂದು, ನೂರು, ನಾಲ್ಕು ಸಾವಿರ.
ಕೊನೆಯಲ್ಲಿ ಆವೃತ್ತಿ: ಸೊನ್ನೆ ಸೊನ್ನೆ.
ಅದು ಒಂದಾದದ್ದನ್ನು ನಾನು ಕಾಣಲಿಲ್ಲ. ಕೊಲಾಸೊ ಕೂಡ.
ಯಾರೋ ದೂರಾಲೋಚನೆಯಿಂದ ಬಿಟ್ಟ ಜಾಗ,
ಬರಲೇ ಇಲ್ಲದ ನೆಂಟರಿಗೆ ಹಾಸಿದ ಎಲೆ.

ಇನ್ನೊಂದಿತ್ತು: ಐ ಇ ಎಫ್ ಬಿ ಆರ್ ಹದಿನಾಲ್ಕು.
ಏನನ್ನೂ ಮಾಡದ ಪ್ರೋಗ್ರಾಮು.
ಹೆಸರಿನ ಬಾಲವೇ ಅದರ ಇಡೀ ಹೊಟ್ಟೆ:
ಹದಿನಾಲ್ಕರಲ್ಲಿ ಬರೆದ ವಿಳಾಸಕ್ಕೆ ಮರಳಿ ಹೋಗು.
ಒಂದೇ ಆಜ್ಞೆ. ಅದರಲ್ಲೂ ತಪ್ಪು!
ಮರಳಿತು, ಆದರೆ "ಎಲ್ಲ ಸರಿ" ಅನ್ನಲು ಮರೆಯಿತು.
ಹದಿನೈದರಲ್ಲಿ ಯಾರದೋ ಹಳೆಯ ಕಸ,
ಅದನ್ನೇ ಉತ್ತರವೆಂದು ಓದಿ ಗಾಬರಿಯಾದರು ಕಾಯುವವರು.
ಆಮೇಲೆ ಎರಡನೆಯ ಆಜ್ಞೆ ಸೇರಿಸಿದರು:
ಹದಿನೈದರಿಂದ ಹದಿನೈದನ್ನೇ ಕಳೆ.

ಕೊಲಾಸೊ ನಗುತ್ತ ಹೇಳಿದ ಕತೆ. ನನಗೆ ಅಪ್ಪ ನೆನಪಾದ.
ಬಲೆ ಖಾಲಿಯಾದ ದಿನ ದಂಡೆಯಿಂದ ನೆಟ್ಟಗೆ ಬಂದು
ಗೋಡೆ ನೋಡಿ ಮಲಗುತ್ತಿದ್ದ.
ಆಯಿ ಹೊಸ್ತಿಲಲ್ಲಿ ಲಾಟೀನು ಹಿಡಿದು:
ಬಂದದ್ದು ಗೊತ್ತು,
ಹೇಗೆ ಬಂದ ಅನ್ನುವುದು ಗೊತ್ತಿಲ್ಲ.
"ಏನೂ ಇಲ್ಲ" ಅಂತಾದರೂ ಅನ್ನಬಾರದೇ, ಮಾರಾಯ.

ದತ್ತಾರಾಮ 'ನ್ನ' ಮುಗಿಸಿ ಎದ್ದ.
ಹಲಗೆಯ ತುದಿಯಲ್ಲಿ ಗೇಣು ಜಾಗ, ಡಬ್ಬಿಯಲ್ಲಿ ಬಿಳಿ ಬಣ್ಣ.
"ಏನಾದರೂ ಬರೀಲಾ ಅಕ್ಕ? ಹೂವು? ಮೀನು?"

"ನಿ ಅಂತ ಬರೆ."

"ನಿ ಅಂದರೆ?"

ನಾನು ಹೇಳಲಿಲ್ಲ.
ಮುಂದೆ ಕೊಳ್ಳುವವರು ಕೇಳಲಿ,
ಅವರಿಗೆ ತೋಚಿದ ಕಾರಣ ಕಟ್ಟಿಕೊಳ್ಳಲಿ.