ಒಂದು ಬೆರಳು

ಗಾಳಿಯಿಲ್ಲದ ದಿನ ಈ ದ್ವೀಪದಲ್ಲಿ ಪಂದ್ಯ ಆಡಿದ ನೆನಪಿಲ್ಲ.
ಪೆನಾಲ್ಟಿಗೆ ಇಟ್ಟ ಚೆಂಡು ತಾನೇ ಉರುಳಿ
ಕಡಲ ಕಡೆ ಹೊರಡುತ್ತದೆ.
ಒಬ್ಬ ಬೋರಲು ಮಲಗಿ ಬೆರಳಿಟ್ಟು ಹಿಡಿದಿರಬೇಕು,
ಇನ್ನೊಬ್ಬ ಒದೆಯಬೇಕು.
ಆ ಬೆರಳು ಮೋಸ ಮಾಡುತ್ತಿಲ್ಲ ತಾನೆ ಎಂದು
ಬಗ್ಗಿ ನೋಡುತ್ತಿದ್ದವ ನೀನು, ಹಾನುಸ್,
ಮೂವತ್ತೆಂಟು ವರ್ಷ.

ವಾರವೆಲ್ಲ ಬಂದರಿನ ಶೀತಲಗೃಹದಲ್ಲಿ ಮೀನು ತೂಗಿ
ಭಾನುವಾರ ನಮ್ಮನ್ನು ತೂಗಲು ಬರುತ್ತಿದ್ದೆ.
ಹಳದಿ ಕಾರ್ಡಿಗೂ ಕಾಡ್ ಮೀನಿನ ವಾಸನೆ;
ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಿಳಿಯುತ್ತಿತ್ತು.
ಮಳೆಗೆ ಹೆದರಿ ಕಾರಿನಲ್ಲೇ ಕೂತ ಊರು ಹಾರ್ನ್ ಒತ್ತುತ್ತಿತ್ತು.
ನನ್ನಮ್ಮ ಗಾಜು ಇಳಿಸಿ ಕೂಗುತ್ತಿದ್ದಳು:
'ಕುರುಡಾ, ಮೀನಿನ ಕಣ್ಣಾದರೂ ಕಿತ್ತು ಇಟ್ಟುಕೋ!'
ಮರುದಿನ ನಿನ್ನ ತಕ್ಕಡಿಯಿಂದಲೇ
ನಮ್ಮ ಮನೆಗೆ ಮೀನು ಬರುತ್ತಿತ್ತು,
ತೂಕಕ್ಕೆ ಸರಿಯಾಗಿ,
ಒಂದು ಗುಲಗಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹತ್ತೊಂಬತ್ತರ ನಾನು ಹೊಡೆದ ಗೋಲು.
ನೀನು ಸೀಟಿ ಊದಿದೆ.
ನಿನ್ನೆದೆಗೆ ಎರಡೂ ಕೈಯಿಟ್ಟು ನೂಕಿದೆ. ಬಿದ್ದೆ.
ಕೂತಲ್ಲಿಂದಲೇ ಜೇಬು ತಡಕಿ ಕೆಂಪು ಎತ್ತಿದೆ.
ಮಾರನೆಯ ಬೆಳಿಗ್ಗೆ ಪಟ್ಟಣಕ್ಕೆ ಹೋಗುವ ಹಡಗಿನಲ್ಲಿ
ಉಳಿದದ್ದು ನಿನ್ನೆದುರಿನ ಜಾಗ ಒಂದೇ.
ಎರಡು ಗಂಟೆ, ಅಲೆ, ಮೌನ.
ಬುತ್ತಿ ಬಿಚ್ಚಿ ಒಣಗಿಸಿದ ಕುರಿಮಾಂಸ ಕೊಯ್ದು
ಅರ್ಧ ನನ್ನತ್ತ ಸರಿಸಿದೆ.
'ಆಫ್‌ಸೈಡೇ,' ಅಂದೆ.
ಮತ್ತೆ ಕಿಟಕಿಯಾಚೆ ನೋಡಿದೆ.

ಇವತ್ತು ಪಾದ್ರಿ 'ಕೊನೆಯ ಸೀಟಿ' ಅಂದರು.
ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.
ನಿನ್ನ ಲೆಕ್ಕದಲ್ಲಿ ಇನ್ನೂ ನಾಲ್ಕು ನಿಮಿಷ
ಇದ್ದೇ ಇರುತ್ತಿತ್ತು.
ಹೊತ್ತ ಆರು ಜನರಲ್ಲಿ
ನಾಲ್ವರಿಗೆ ನೀನು ಕೆಂಪು ತೋರಿಸಿದ್ದೆ.
ಹೆಜ್ಜೆ ತಪ್ಪಬಾರದೆಂದು ನಮಗೆಲ್ಲ ಭಯ.

ಕಾಫಿಯ ಹೊತ್ತಿಗೆ ಮಾರ್ಜುನ್ ನಿನ್ನ ಪುಸ್ತಕಗಳನ್ನು ತಂದಿಟ್ಟಳು,
ಪ್ರತಿ ಪಂದ್ಯಕ್ಕೂ ಪೆನ್ಸಿಲಿನ ಎರಡು ಸಾಲು.
ನನ್ನ ಪುಟ ಹುಡುಕಿದೆ.
'ನೈರುತ್ಯ ಗಾಳಿ. ಆಲಿಕಲ್ಲು. ಕೆಂಪು ಒಂದು.'
ಹೆಸರಿಲ್ಲ.
ಹಿಂದೆ ಮುಂದೆ ತಿರುವಿದೆ. ಯಾರ ಹೆಸರೂ ಇಲ್ಲ.
ಗಾಳಿ ಮಾತ್ರ ಎಲ್ಲ ಕಡೆ ಇದೆ.

ಕತ್ತಲಿಗೆ ಮೊದಲು ಒಬ್ಬನೇ ಮತ್ತೆ ಗುಡ್ಡ ಹತ್ತಿದೆ.
ಕ್ಲಬ್ಬಿನವರು ಇಟ್ಟ ಹೂಚಕ್ರ
ಹಸಿ ಮಣ್ಣಿನ ಮೇಲೆ ನಿಲ್ಲಲೊಲ್ಲದೆ
ಕಡಲ ಕಡೆ ಜರುಗುತ್ತಿತ್ತು.
ಮಂಡಿಯೂರಿ, ಒಂದು ಬೆರಳಿಟ್ಟು ಹಿಡಿದೆ.

ಒಂದೇ ಬೆರಳು, ಹಾನುಸ್.
ಬೇಕಾದರೆ ಬಗ್ಗಿ ನೋಡು.