ನೀರು ಬಿಡುವವನ ಜೊತೆ ಒಂದು ಸುತ್ತು

ಎಲ್ಲರೂ ಬಂದಿರಾ? ಒಂಬತ್ತು ಜನ, ಎರಡು ಕ್ಯಾಮೆರಾ, ಒಂದು ಕೊಡೆ.
ಸರಿ. ಶಿವಪ್ಪ ನಾಯಕ ವೃತ್ತಕ್ಕೆ ಬೆನ್ನು ಹಾಕಿ ನಿಲ್ಲಿ.
ಪ್ರತಿಮೆ, ಪಾರಿವಾಳ, ಇಸವಿ, ಅದನ್ನೆಲ್ಲ
ವೈಶಾಲಿ ಹೇಳುತ್ತಾಳೆ, ಅವಳ ಕೈಲಿ ಕಾಗದವಿದೆ.
ನನ್ನ ಕೈಲಿರುವುದು ಇದೊಂದು ಕೀಲಿ:
ಮೂರಡಿ ಕಬ್ಬಿಣ, ತಲೆಗೊಂದು ಅಡ್ಡ ಹಿಡಿ,
ಮೂವತ್ತೊಂದು ವರ್ಷ ಭುಜದ ಮೇಲೆ ಮಲಗಿ
ಇಲ್ಲೊಂದು ತಗ್ಗು ಮಾಡಿದೆ, ಬೇಕಾದರೆ ಮುಟ್ಟಿ ನೋಡಿ.
ನಿವೃತ್ತಿಯ ದಿನ ಹಾರ ಹಾಕಿದರು, ಶಾಲು ಹೊದಿಸಿದರು,
ಕೀಲಿ ವಾಪಸು ಕೇಳಲು ಮರೆತರು.
ನಾನೂ ನೆನಪಿಸಲಿಲ್ಲ.

ಈಗ ಕಾಲ ಕೆಳಗೆ ನೋಡಿ. ನೀವು ನಿಂತಿರುವುದು
ಎಂಟಿಂಚಿನ ಬೀಡು ಪೈಪಿನ ಮೇಲೆ.
ಮಂಡ್ಲಿಯಿಂದ ಹೊರಟ ತುಂಗೆ
ನಿಮ್ಮ ಚಪ್ಪಲಿಯಡಿ ಬಾಗಿ ಬಜಾರು ಹೊಗುತ್ತಾಳೆ.
ತುಂಗಾ ಪಾನ ಅಂತ ಎಲ್ಲರೂ ಅನ್ನುತ್ತಾರೆ,
ಬೆಳಗಿನ ನಾಲ್ಕೂವರೆಗೆ ಎದ್ದು
ಯಾರ ನಲ್ಲಿಗೆ ಎಷ್ಟು ಹೊತ್ತು ಅಂತ ಅವಳನ್ನು ಕಳಿಸುವವನು
ಯಾವ ಗಾದೆಯಲ್ಲೂ ಬಂದಿಲ್ಲ.

ಬನ್ನಿ, ಗಾಂಧಿ ಬಜಾರಿಗೆ. ಎಡಕ್ಕೆ ಸರಿಯಿರಿ, ಆಟೋ.
ಕುಂಕುಮದ ಗುಡ್ಡೆ, ಪ್ಲಾಸ್ಟಿಕ್ ಬಿಂದಿಗೆಗಳ ಗೋಪುರ,
ಸೇವಂತಿಗೆ ಮಾರಿಗೆ ಎಪ್ಪತ್ತು, ಚೌಕಾಸಿ ಬೇಡ.
ಆ ಹೂವಿಗೆ ಚಿಮುಕಿಸಿದ ನೀರು ನನ್ನ ನಂತರದ ಹುಡುಗ ಬಿಟ್ಟದ್ದು,
ದಿನಾ ಐದು ನಿಮಿಷ ತಡ. ಮೊಬೈಲು.

ಪಾತ್ರೆ ಅಂಗಡಿಯ ಪದ್ಮರಾಜಯ್ಯ ಈಗಲೂ ನನ್ನ ಕಂಡರೆ
"ಇವತ್ತು ಬರುತ್ತಾ?" ಅಂತಾರೆ.
ನಿವೃತ್ತಿಯಾಯಿತು ಅಂದರೆ "ಆದರೂ, ಬರುತ್ತಾ?"
ಊರು ನನ್ನನ್ನು ಕೇಳಿದ್ದು ಅದೊಂದೇ ಪ್ರಶ್ನೆ.
ಮಗಳ ಮದುವೆಯ ಚಪ್ಪರದಲ್ಲೂ
ಅಕ್ಷತೆ ಹಾಕಿ, ಕೈ ಒರೆಸಿಕೊಂಡು, ಅದನ್ನೇ ಕೇಳಿದರು.

ಇಲ್ಲೊಂದು ವಾಲ್ವಿತ್ತು. ಹೊಸ ಕಲ್ಲು ಹಾಸುವಾಗ ಮುಚ್ಚಿಬಿಟ್ಟರು.
ಹೇಳಿದೆ. ನಕ್ಷೆಯಲ್ಲಿಲ್ಲ ಅಂದರು ಎಂಜಿನಿಯರು.
ಚಿನ್ನದಂಗಡಿಯ ಮೆಟ್ಟಿಲಿಂದ ನಾಲ್ಕು ಹೆಜ್ಜೆ,
ಬೇವಿನ ಮರದಿಂದ ಏಳು. ಬೇವಿನ ಮರವೂ ಇಲ್ಲ.
ಕ್ಯಾಮೆರಾ ಅಣ್ಣ, ಇದನ್ನೊಂದು ತೆಗೆದುಕೊಳ್ಳಿ.
ಹೌದು, ಬರೀ ಕಲ್ಲು.

ಈ ಸಂದು ಕಿರಿದು, ಒಬ್ಬೊಬ್ಬರೇ ಬನ್ನಿ.
ವೈಶಾಲಿಯ ಕಾಗದದಲ್ಲಿ ಇದರ ಬಗ್ಗೆ ಏನೂ ಇಲ್ಲ.
ಒಂದು ಸಲ ಕರ್ಫ್ಯೂ. ಯಾವ ವರ್ಷ, ಯಾಕೆ, ಬಿಡಿ.
ಮೂರು ದಿನ. ನನಗೆ ಗುಲಾಬಿ ಬಣ್ಣದ ಪಾಸು ಕೊಟ್ಟಿದ್ದರು.
ಇಡೀ ಬಜಾರಿಗೆ ನಾನು, ಕೀಲಿ, ಒಂದು ಕುಂಟು ನಾಯಿ.
ಎರಡು ಸುತ್ತು ತಿರುವಿದೆ,
ಮೊದಲು ಗಾಳಿ, ಮುದುಕನ ಕೆಮ್ಮಿನ ಹಾಗೆ,
ಆಮೇಲೆ ನೀರು. ಸೀಗೆಹಟ್ಟಿಯ ಕಡೆ ಹೋದದ್ದು,
ಲಷ್ಕರ್ ಮೊಹಲ್ಲಾದ ಕಡೆ ಹೋದದ್ದು,
ಒಂದೊಂದು ಕಿವಿಗೆ ಒಂದೊಂದು, ಬೇರೆ ಬೇರೆಯೇ ಕೇಳಿತು.
ಮುಚ್ಚಿದ ಬಾಗಿಲುಗಳ ಹಿಂದೆ ಕೊಡ ತುಂಬುವ ದನಿ,
ತಳದಿಂದ ಕಂಠಕ್ಕೆ
ಏರುತ್ತ ಏರುತ್ತ ಸಣ್ಣಗಾಗುವ ದನಿ.

ಆಗ ಮೇಲಿನ ಕಿಟಕಿಯಿಂದ, ಇದೋ, ಇದರ ಪಕ್ಕದ್ದೋ,
ಹಗ್ಗ ಕಟ್ಟಿದ ಚೊಂಬೊಂದು ಇಳಿದು ಬಂತು.
ಚಹಾ. ಏಲಕ್ಕಿ ಜಜ್ಜಿ ಹಾಕಿದ್ದು.
ಕೈ ಮಾತ್ರ ಕಂಡಿತು, ಮಣಿಕಟ್ಟಿನವರೆಗೆ ಹಿಟ್ಟು.
ಕುಡಿದೆ, ಚೊಂಬು ಮೇಲೇರಿತು.
ಕೂಗಿ ಹೆಸರು ಕೇಳುವ ಹೊತ್ತಲ್ಲ ಅದು.
ಈ ಸಂದಿಗೆ ಅವತ್ತು ಹದಿನೈದು ನಿಮಿಷ ಹೆಚ್ಚು ಬಿಟ್ಟೆ.
ರಿಜಿಸ್ಟರಿನಲ್ಲಿ ಬರೆಯಲಿಲ್ಲ.
ನೀವೂ ಬರೆದುಕೊಳ್ಳಬೇಡಿ.

ಯಾವ ಕಿಟಕಿ ಅಂತ ನನ್ನ ಕೇಳಿ ಉಪಯೋಗವಿಲ್ಲ,
ಈಗ ಮೂರು ಕಿಟಕಿಗೂ ಸೇರಿ
ಮೊಬೈಲ್ ಕವರಿನ ಒಂದೇ ಫ್ಲೆಕ್ಸು.

ಏನಮ್ಮಾ? ಅರಮನೆಯಾ?
ಇದೆ, ಮುಂದೆ, ಹೊಳೆಯ ಕಡೆ. ಓಡಿ ಹೋಗುವುದಿಲ್ಲ ಅದು.
ಗಂಟೆ ಎಷ್ಟು? ಹತ್ತಾಗುತ್ತಾ ಬಂತೇ?
ಹಾಗಾದರೆ ಹುಡುಗ ಈಗ ಮುಚ್ಚುತ್ತಾನೆ.
ಒಂದು ನಿಮಿಷ, ಆ ಸ್ಕೂಟರ್ ದಾಟಲಿ.
ಚಪ್ಪಲಿ ಬಿಟ್ಟು ನಿಂತರೆ ಗೊತ್ತಾಗುತ್ತದೆ.
ಹಾಂ.
ಅದೇ.